ಓದುಗರ ಪ್ರಶ್ನೋತ್ತರ: ಅಮೆರಿಕದ ಅಂತರ್ಯುದ್ಧದಲ್ಲಿ ಯಾವ ಕದನ ಏನನ್ನು ಬದಲಿಸಿತು?

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಅಬ್ರಹಾಂ ಲಿಂಕನ್ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧವನ್ನು ನಾಲ್ಕೇ ಸಾಲುಗಳಲ್ಲಿ ಮುಗಿಸಿದ್ದೆವು. ಅಷ್ಟು ಸಾಲದೆಂದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಓದುಗರು ಪತ್ರ ಬರೆದಿದ್ದಾರೆ. ಹೆಚ್ಚಿನವರು ಕೇಳಿರುವುದು ಕದನಗಳ ಬಗೆಗೇ ಆದ್ದರಿಂದ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿರುವ 1565ರ ಕಾಳಗ ಒಂದೇ ದಿನದಲ್ಲಿ ಒಂದು ಸಾಮ್ರಾಜ್ಯದ ಹಣೆಬರಹವನ್ನು ಬದಲಿಸಿತು. ಅಮೆರಿಕದ ಅಂತರ್ಯುದ್ಧದಲ್ಲಿ ಅಂಥ ನಿರ್ಣಾಯಕ ಕದನ ಯಾವುದು? ಅಷ್ಟು ದೊಡ್ಡ ಸೈನ್ಯಗಳಿದ್ದೂ ಯುದ್ಧ ನಾಲ್ಕು ವರ್ಷ ಏಕೆ ಎಳೆಯಿತು?
(ಪ್ರೌಢಶಾಲೆಯ ಶಿಕ್ಷಕರೊಬ್ಬರು, ತಾಳಿಕೋಟೆ)

ಉತ್ತರ: ಅಂಥ ಕದನ ಅಲ್ಲಿ ಒಂದೂ ಇರಲಿಲ್ಲ. ಯುದ್ಧ ನಾಲ್ಕು ವರ್ಷ ಎಳೆದದ್ದಕ್ಕೆ ಕಾರಣವೂ ಅದರಲ್ಲೇ ಇದೆ. 1565ರ ಜನವರಿ 23ರಂದು ಕೃಷ್ಣೆಯ ದಂಡೆಯಲ್ಲಿ ರಾಮರಾಯ ರಣರಂಗದಲ್ಲೇ ಹತನಾದ ಕೂಡಲೇ ವಿಜಯನಗರದ ಸೈನ್ಯ ಚದುರಿಹೋಯಿತು, ಕಾಯುವವರಿಲ್ಲದ ರಾಜಧಾನಿ ಲೂಟಿಗೆ ಸಿಕ್ಕಿತು. ಹಾಗಿದ್ದೂ ಅರವೀಡು ಮನೆತನ ಪೆನುಕೊಂಡೆಗೆ, ಮುಂದೆ ಚಂದ್ರಗಿರಿಗೆ ಹೋಗಿ ದಶಕಗಳ ಕಾಲ ಆಳಿತೆಂಬುದನ್ನು ನಾವು ಮರೆಯುತ್ತೇವೆ. ಅಮೆರಿಕದಲ್ಲಿ ಎದುರುಬದುರಾಗಿ ನಿಂತದ್ದು ಒಬ್ಬ ಅರಸನ ಸುತ್ತ ಕೂಡಿದ ದಂಡುಗಳಲ್ಲ. ಚುನಾಯಿತ ಸರ್ಕಾರ, ರೈಲು, ತಂತಿ, ಪತ್ರಿಕೆ, ಕಡ್ಡಾಯ ಸೈನ್ಯಭರ್ತಿ ಇವೆಲ್ಲವೂ ಎರಡೂ ಕಡೆ ಇದ್ದವು. ಒಂದು ಸೈನ್ಯ ಸೋತರೆ ಮೂರು ತಿಂಗಳಲ್ಲಿ ಇನ್ನೊಂದು ಸಿದ್ಧವಾಗುತ್ತಿತ್ತು.

ಹಿನ್ನೆಲೆ ಚಿಕ್ಕದಾಗಿ ಹೀಗಿದೆ. 1860ರಲ್ಲಿ ಆ ದೇಶದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಅದರಲ್ಲಿ ಸುಮಾರು 40 ಲಕ್ಷ ಮಂದಿ ಗುಲಾಮರು. ಪಶ್ಚಿಮದ ಹೊಸ ಸೀಮೆಗಳಿಗೆ ಗುಲಾಮಗಿರಿ ಹರಡಕೂಡದೆಂಬ ನಿಲುವಿನ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದೊಡನೆ ದಕ್ಷಿಣ ಕೆರೊಲಿನಾ ಡಿಸೆಂಬರ್ 20ರಂದು ಒಕ್ಕೂಟದಿಂದ ಹೊರನಡೆಯಿತು. ಅವರು ಅಧಿಕಾರ ವಹಿಸಿಕೊಳ್ಳುವಷ್ಟರಲ್ಲಿ ಇನ್ನೂ ಆರು ರಾಜ್ಯಗಳು ಅದರ ಹಾದಿ ಹಿಡಿದಿದ್ದವು. 1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ, ಹೊರನಡೆದ ಈ ರಾಜ್ಯಗಳ ಕೂಟದ, ಅಂದರೆ ದಕ್ಷಿಣದ, ತೋಪುಗಳು ಗುಂಡು ಹಾರಿಸಿದವು. ಆ ದಾಳಿಯಲ್ಲಿ ಒಬ್ಬ ಸೈನಿಕನೂ ಸಾಯಲಿಲ್ಲ. ಆದರೆ ಅದಕ್ಕುತ್ತರವಾಗಿ ಲಿಂಕನ್ 75,000 ಸ್ವಯಂಸೇವಕರಿಗೆ ಕರೆ ಕೊಟ್ಟಾಗ, ಅಲ್ಲಿಯವರೆಗೆ ಹೊಯ್ದಾಡುತ್ತಿದ್ದ ವರ್ಜೀನಿಯಾ, ಅರ್ಕನ್ಸಾ, ಟೆನೆಸಿ, ಉತ್ತರ ಕೆರೊಲಿನಾಗಳು ದಕ್ಷಿಣವನ್ನು ಸೇರಿದವು. ಹೊರಬಿದ್ದ ರಾಜ್ಯಗಳು ಒಟ್ಟು ಹನ್ನೊಂದಾದವು. ವರ್ಜೀನಿಯಾ ಸೇರದೇ ಇದ್ದಿದ್ದರೆ ಯುದ್ಧ ಇಷ್ಟು ದೀರ್ಘವಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ರಾಬರ್ಟ್ ಲೀ ಎಂಬ ಸೇನಾನಿಯೂ, ಮುಂದೆ ದಕ್ಷಿಣದ ರಾಜಧಾನಿಯಾದ ರಿಚ್ಮಂಡ್‌ನ ಕಬ್ಬಿಣದ ಕಾರ್ಖಾನೆಯೂ ದಕ್ಷಿಣಕ್ಕೆ ದೊರೆತದ್ದು ಆ ರಾಜ್ಯದಿಂದಲೇ.

ಇಲ್ಲಿ ನೆನಪಿಡಬೇಕಾದದ್ದು ಎರಡು ಪಕ್ಷಗಳ ಗುರಿಯಲ್ಲಿದ್ದ ವ್ಯತ್ಯಾಸ. ದಕ್ಷಿಣಕ್ಕೆ, ಒಕ್ಕೂಟದಲ್ಲೇ ಉಳಿದ ಉತ್ತರವನ್ನು ಗೆಲ್ಲಬೇಕಾಗಿರಲಿಲ್ಲ, ಉತ್ತರದ ಜನಕ್ಕೆ ಯುದ್ಧ ಸಾಕೆನ್ನಿಸುವವರೆಗೆ ಸೋಲದೆ ನಿಂತರೆ ಸಾಕಾಗಿತ್ತು. ಉತ್ತರಕ್ಕಾದರೋ ಪಶ್ಚಿಮ ಯುರೋಪಿನಷ್ಟು ಹರವಿದ್ದ ಒಂದು ನಾಡನ್ನೇ ಆಕ್ರಮಿಸಬೇಕಾಗಿತ್ತು. ಆದ್ದರಿಂದ ಮೈದಾನದಲ್ಲಿ ಯಾರು ಉಳಿದರು ಎಂಬುದಕ್ಕಿಂತ, ಆ ಕದನದಿಂದ ಯಾವ ನದಿ, ಯಾವ ರೈಲುಮಾರ್ಗ ಯಾರ ಕೈಸೇರಿತು, ಮತದಾರರ ಮತ್ತು ವಿದೇಶಿ ಸರ್ಕಾರಗಳ ಮನಸ್ಸು ಯಾವ ಕಡೆ ವಾಲಿತು ಎಂದು ಕೇಳಿದರೆ ಯುದ್ಧ ಅರ್ಥವಾಗುತ್ತದೆ. 1861ರ ಜುಲೈ 21ರ ಬುಲ್ ರನ್ ಕದನವನ್ನು ನೋಡಲು ವಾಷಿಂಗ್ಟನ್ನಿನ ಗಣ್ಯರು ಕುದುರೆಗಾಡಿಗಳಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಸಂಜೆಯ ಹೊತ್ತಿಗೆ ಓಡಿಬರುತ್ತಿದ್ದ ತಮ್ಮದೇ ಸೈನಿಕರ ನಡುವೆ ಆ ಗಾಡಿಗಳು ಸಿಕ್ಕಿಬಿದ್ದವು. ಆ ಸೋಲಿನಿಂದ ಉತ್ತರ ಒಂದು ಅಂಗುಲ ನೆಲವನ್ನೂ ಕಳೆದುಕೊಳ್ಳಲಿಲ್ಲ. ಮೂರು ತಿಂಗಳ ಭರ್ತಿ ಸಾಕೆಂಬ ಭ್ರಮೆಯನ್ನು ಮಾತ್ರ ಕಳೆದುಕೊಂಡಿತು.

ಪ್ರಶ್ನೆ: ಗೆಟಿಸ್‌ಬರ್ಗ್ ಕದನವೇ ಯುದ್ಧದ ತಿರುವು ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇನೆ. ಅದು ಮುಗಿದ ಮರುದಿನವೇ ವಿಕ್ಸ್‌ಬರ್ಗ್ ಶರಣಾಯಿತೆಂದೂ ಅದೇ ಪುಟದಲ್ಲಿದೆ. ಎರಡರಲ್ಲಿ ಯಾವುದು ಮುಖ್ಯ?
(ಪದವಿ ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ಪರೀಕ್ಷೆಯಲ್ಲಿ ಗೆಟಿಸ್‌ಬರ್ಗ್ ಎಂದು ಬರೆದರೆ ಅಂಕ ಸಿಗುತ್ತದೆ. ನನ್ನ ತೂಕ ವಿಕ್ಸ್‌ಬರ್ಗಿನ ಕಡೆಗಿದೆ.

1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಊರಿನ ಸುತ್ತ ನಡೆದ ಕದನದಲ್ಲಿ ಎರಡೂ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಸುಮಾರು 50,000 ಮಂದಿ. ಇಡೀ ಯುದ್ಧದಲ್ಲಿ ಇಷ್ಟು ಹಾನಿಯಾದ ಕದನ ಇನ್ನೊಂದಿಲ್ಲ. ಮೂರನೆಯ ದಿನ ಮಧ್ಯಾಹ್ನ ಲೀ ಅವರ ಆಜ್ಞೆಯಂತೆ ಸುಮಾರು 12,500 ಸೈನಿಕರು ಬಯಲಿನಲ್ಲಿ ಮುಕ್ಕಾಲು ಮೈಲಿಯಷ್ಟು ದೂರ, ಎದುರಿನ ದಿಬ್ಬದ ತೋಪುಗಳಿಗೆ ಎದೆಯೊಡ್ಡಿ ನಡೆದರು. ಒಂದು ಗಂಟೆಯೊಳಗೆ ಅವರಲ್ಲಿ ಅರ್ಧದಷ್ಟು ಮಂದಿ ಬಿದ್ದರು ಇಲ್ಲವೇ ಸೆರೆಯಾದರು. ಲೀ ಹಿಂದೆ ಸರಿದರು. ಅಲ್ಲಿಂದಾಚೆಗೆ ಉತ್ತರದ ನೆಲಕ್ಕೆ ಅಷ್ಟು ದೊಡ್ಡ ದಂಡು ಕಟ್ಟಿಕೊಂಡು ಹೋಗುವ ಶಕ್ತಿ ಅವರಿಗೆ ಉಳಿಯಲಿಲ್ಲ. ಆದರೆ ಉತ್ತರದ ಸೇನಾನಿ ಮೀಡ್ ಬಿರುಸಾಗಿ ಬೆನ್ನಟ್ಟದ ಕಾರಣ ಲೀ ಪೊಟೊಮ್ಯಾಕ್ ನದಿಯನ್ನು ದಾಟಿ ಸೈನ್ಯವನ್ನು ಉಳಿಸಿಕೊಂಡರು, ಮುಂದೆ 21 ತಿಂಗಳು ಕಾದಾಡಿದರು. ಗೆಟಿಸ್‌ಬರ್ಗಿನ ಖ್ಯಾತಿಯಲ್ಲಿ ಒಂದು ಪಾಲು, ಅದೇ ವರ್ಷದ ನವೆಂಬರ್ 19ರಂದು ಅಲ್ಲಿನ ಸ್ಮಶಾನದಲ್ಲಿ ಲಿಂಕನ್ ಮಾಡಿದ ಎರಡು ಮೂರು ನಿಮಿಷಗಳ ಭಾಷಣಕ್ಕೆ ಸಲ್ಲಬೇಕು.

ವಿಕ್ಸ್‌ಬರ್ಗಿನ ಕಥೆ ಬೇರೆ. ಮಿಸಿಸಿಪ್ಪಿ ನದಿ ಹೇರ್‌ಪಿನ್ನಿನ ಹಾಗೆ ತಿರುಗುವ ಕಡೆ, ಎತ್ತರದ ದಿಬ್ಬದ ಮೇಲಿರುವ ಊರು ಅದು. 1862ರ ಏಪ್ರಿಲ್ ಕೊನೆಯಲ್ಲಿ ನ್ಯೂ ಆರ್ಲಿಯನ್ಸ್ ಉತ್ತರದ ನೌಕಾಪಡೆಗೆ ವಶವಾಗಿತ್ತು, ಮೇಲ್ಭಾಗದ ನದಿಯೂ ಆ ವರ್ಷವೇ ಕೈಗೆ ಬಂದಿತ್ತು. ಆದರೂ ವಿಕ್ಸ್‌ಬರ್ಗಿನ ತೋಪುಗಳು ನಡುವಿನ ಭಾಗವನ್ನು ಬಿಗಿಹಿಡಿದಿದ್ದವು. ಟೆಕ್ಸಸ್, ಅರ್ಕನ್ಸಾ, ಲೂಸಿಯಾನಾದ ಪಶ್ಚಿಮ ಭಾಗಗಳಿಂದ ದಕ್ಷಿಣದ ಸೈನ್ಯಕ್ಕೆ ದನ, ಕುದುರೆ, ಧಾನ್ಯ ಬರುತ್ತಿದ್ದದ್ದು ಈ ಕಿಂಡಿಯಿಂದಲೇ. ಉತ್ತರದ ಸೇನಾನಿ ಯುಲಿಸಿಸ್ ಗ್ರಾಂಟ್ ಚಳಿಗಾಲವಿಡೀ ಕಾಲುವೆ ತೋಡಿಸಿ, ಜೌಗಿನಲ್ಲಿ ದಾರಿ ಹುಡುಕಿಸಿ ಸೋತರು. 1863ರ ಏಪ್ರಿಲ್ 16ರ ರಾತ್ರಿ ಉತ್ತರದ ಯುದ್ಧನೌಕೆಗಳು ಆ ತೋಪುಗಳ ಬಾಯಿಯ ಕೆಳಗೇ ಹಾದು ದಕ್ಷಿಣಕ್ಕೆ ಇಳಿದವು. ಅಷ್ಟರಲ್ಲಿ ಗ್ರಾಂಟರ ಕಾಲ್ದಳ ಎದುರು ದಂಡೆಯಲ್ಲಿ ನಡೆದು ಕೆಳಗೆ ತಲುಪಿತ್ತು. ಏಪ್ರಿಲ್ 30ರಂದು ಆ ನೌಕೆಗಳಲ್ಲೇ ನದಿ ದಾಟಿದ ಸೈನ್ಯ ಊರಿನ ಕಡೆ ನೇರವಾಗಿ ಹೋಗದೆ, ಪೂರ್ವಕ್ಕಿದ್ದ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್‌ ಕಡೆ ನುಗ್ಗಿ ರೈಲು ಹಳಿಗಳನ್ನು ಕಿತ್ತುಹಾಕಿತು. ಬಳಿಕ ಪಶ್ಚಿಮಕ್ಕೆ ತಿರುಗಿ, ಮೇ 1ರಿಂದ 17ರೊಳಗೆ ಐದು ಕದನಗಳನ್ನು ಗೆದ್ದು, ರಕ್ಷಣಾಪಡೆಯನ್ನು ಊರೊಳಗೆ ಕೂಡಿಹಾಕಿತು. ಸರಬರಾಜಿನ ದಾರಿಯನ್ನು ಬಹುಮಟ್ಟಿಗೆ ತಾವೇ ತೊರೆದು, ಸುತ್ತಲಿನ ಹೊಲಮನೆಗಳ ಜೋಳ, ಹಂದಿಗಳಿಂದ ಸೈನ್ಯದ ಹೊಟ್ಟೆ ಹೊರೆದ ಈ ಹದಿನೇಳು ದಿನಗಳು ಗ್ರಾಂಟರ ಬುದ್ಧಿಗೆ ಸಾಕ್ಷಿ.

ಮೇ 19 ಮತ್ತು 22ರ ನೇರ ದಾಳಿಗಳು ವಿಫಲವಾದ ಮೇಲೆ ಮುತ್ತಿಗೆ ಬಿಗಿಯಿತು. ಊರಿನ ಹೆಂಗಸರು ಮಕ್ಕಳು ಹಳದಿ ಮಣ್ಣಿನ ದಿಬ್ಬಗಳಲ್ಲಿ ಗುಹೆ ಕೊರೆದು, ಮಂಚ ಕುರ್ಚಿಗಳನ್ನು ಒಳಗೊಯ್ದು ವಾಸಿಸಿದರು. ಕೊನೆಕೊನೆಗೆ ಹೇಸರಗತ್ತೆಯ ಮಾಂಸವೇ ಆಹಾರವಾಯಿತು. ಕಾಗದ ತೀರಿದ್ದರಿಂದ ಸ್ಥಳೀಯ ಪತ್ರಿಕೆಯನ್ನು ಗೋಡೆಗೆ ಅಂಟಿಸುವ ಹೂಬಳ್ಳಿಯ ಕಾಗದದ ಹಿಂಬದಿಯಲ್ಲಿ ಅಚ್ಚು ಹಾಕಿದರು. ತಮ್ಮ ಊರು ಔರಂಗಜೇಬನ ಸೈನ್ಯಕ್ಕೆ ಒಂದು ವರ್ಷಕ್ಕೂ ಮಿಕ್ಕಿ ಎದುರು ನಿಂತು, 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್‌ಶಾಹ ಶರಣಾದದ್ದನ್ನು ತಾವು ಓದಿರುತ್ತೀರಿ. ಅಲ್ಲಿಯಂತೆ ಇಲ್ಲಿಯೂ ಕೋಟೆಗೋಡೆಗಿಂತ ಮೊದಲು ಕಣಜ ಬರಿದಾಯಿತು. ಜುಲೈ 4ರಂದು ಸುಮಾರು 29,000 ಸೈನಿಕರು ಆಯುಧ ಕೆಳಗಿಟ್ಟರು. ಐದು ದಿನಗಳ ಬಳಿಕ ಕೆಳಗಿನ ಪೋರ್ಟ್ ಹಡ್ಸನ್ ಸಹ ಶರಣಾಗಿ ನದಿ ಪೂರ್ತಿ ತೆರೆಯಿತು. ಗೆಟಿಸ್‌ಬರ್ಗಿನಲ್ಲಿ ಲೀ ಅವರ ಸೈನ್ಯ ಗಾಯಗೊಂಡಿತು. ವಿಕ್ಸ್‌ಬರ್ಗಿನಲ್ಲಿ ಒಂದು ಸೈನ್ಯವೇ ಇಲ್ಲವಾಯಿತು, ದಕ್ಷಿಣ ಎರಡು ಹೋಳಾಯಿತು. ಗ್ರಾಂಟ್ ಮುಂದಿನ ವರ್ಷ ಉತ್ತರದ ಎಲ್ಲ ಸೈನ್ಯಗಳ ಮುಖ್ಯಸ್ಥರಾಗಲು ದಾರಿಯಾದದ್ದೂ ಈ ಗೆಲುವೇ.

ಪ್ರಶ್ನೆ: ಆಂಟಿಟಮ್ ಕದನದಲ್ಲಿ ಯಾರೂ ಗೆಲ್ಲಲಿಲ್ಲವೆನ್ನುತ್ತಾರೆ, ಆದರೂ ಅದನ್ನು ಮಹತ್ವದ್ದೆಂದು ಎಣಿಸುತ್ತಾರೆ. ಗುಲಾಮರ ವಿಮೋಚನೆಯ ಘೋಷಣೆಗೂ ಅದಕ್ಕೂ ನಂಟೇನು? ಆ ಘೋಷಣೆ ಲಿಂಕನ್ ಅವರ ಕೈಯಲ್ಲಿಲ್ಲದ ರಾಜ್ಯಗಳಿಗೆ ಮಾತ್ರ ಅನ್ವಯಿಸುತ್ತಿತ್ತೆಂಬುದು ನಿಜವಾದರೆ ಅದು ಬರಿಯ ಕಾಗದವಲ್ಲವೇ?
(ವಕೀಲರೊಬ್ಬರು, ಬೆಳಗಾವಿ)

ಉತ್ತರ: ವಕೀಲರು ಸರಿಯಾದ ಜಾಗದಲ್ಲೇ ಪಾಟೀಸವಾಲು ಹಾಕಿದ್ದಾರೆ. 1862ರ ಬೇಸಿಗೆಯ ಹೊತ್ತಿಗೆ ಲಿಂಕನ್ ವಿಮೋಚನೆಯ ಕರಡನ್ನು ಸಿದ್ಧಪಡಿಸಿ, ಜುಲೈ 22ರಂದು ಸಚಿವ ಸಂಪುಟದ ಮುಂದೆ ಓದಿದ್ದರು. ಸೋಲಿನ ಮೇಲೆ ಸೋಲು ಬರುತ್ತಿರುವಾಗ ಇದನ್ನು ಹೊರಡಿಸಿದರೆ ದಿಕ್ಕುಗಾಣದವರ ಕೊನೆಯ ಕೂಗಿನಂತೆ ಕೇಳೀತು, ಒಂದು ಗೆಲುವಿಗಾಗಿ ಕಾಯೋಣ ಎಂದವರು ವಿದೇಶಾಂಗ ವ್ಯವಹಾರ ನೋಡುತ್ತಿದ್ದ ಸೀವರ್ಡ್. ಕರಡು ಮೇಜಿನ ಖಾನೆ ಸೇರಿತು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟವನ್ನು ಉಳಿಸಲು ಸಾಧ್ಯವಾದರೆ ಹಾಗೆಯೇ ಮಾಡುವೆನೆಂದು ಲಿಂಕನ್ ಆಗಸ್ಟಿನಲ್ಲಿ ಒಬ್ಬ ಸಂಪಾದಕರಿಗೆ ಬರೆದ ಪತ್ರವನ್ನು ಇಂದಿಗೂ ಅವರ ವಿರುದ್ಧ ಉದ್ಧರಿಸುತ್ತಾರೆ. ಅದನ್ನು ಬರೆದಾಗ ಕರಡು ಖಾನೆಯಲ್ಲೇ ಇತ್ತೆಂಬುದನ್ನು ಮಾತ್ರ ಹೇಳುವುದಿಲ್ಲ.

ಸೆಪ್ಟೆಂಬರಿನಲ್ಲಿ ಲೀ ಮೇರಿಲ್ಯಾಂಡಿಗೆ ನುಗ್ಗಿದರು. ತಮ್ಮ ಸೈನ್ಯವನ್ನು ಹಲವು ತುಂಡುಗಳಾಗಿ ಹಂಚಿ ಅವರು ಹೊರಡಿಸಿದ ಗುಪ್ತ ಆಜ್ಞೆಯ ಒಂದು ಪ್ರತಿ, ಮೂರು ಚುಟ್ಟಾಗಳಿಗೆ ಸುತ್ತಿದ ಸ್ಥಿತಿಯಲ್ಲಿ, ಬಿಡಾರವಿದ್ದ ಹೊಲವೊಂದರಲ್ಲಿ ಸೆಪ್ಟೆಂಬರ್ 13ರಂದು ಉತ್ತರದ ಸೈನಿಕರಿಗೆ ಸಿಕ್ಕಿತು. ಎದುರಾಳಿಯ ಗುಟ್ಟೆಲ್ಲ ಅಂಗೈಯಲ್ಲಿದ್ದರೂ ಉತ್ತರದ ಸೇನಾನಿ ಮೆಕ್ಲೆಲನ್ ಅಳೆದು ಸುರಿದು ಮೀನಮೇಷ ಎಣಿಸುತ್ತ ಕುಳಿತರು. 17ರಂದು ಶಾರ್ಪ್ಸ್‌ಬರ್ಗ್ ಊರಿನ ಬಳಿ ಆಂಟಿಟಮ್ ಹಳ್ಳದ ಪಕ್ಕ ಮೆಕ್ಕೆಜೋಳದ ಹೊಲದಲ್ಲಿ ಬೆಳಗ್ಗೆ ಆರಂಭವಾದ ಕದನ, ನಡುಮಧ್ಯಾಹ್ನಕ್ಕೆ ಗಾಡಿಗಳು ಓಡಾಡಿ ಕೊರೆದ ತಗ್ಗಿನ ದಾರಿಗೂ, ಇಳಿಹೊತ್ತಿಗೆ ಕಲ್ಲಿನ ಸೇತುವೆಗೂ ಸರಿಯಿತು. ಒಂದೇ ದಿನದಲ್ಲಿ ಸತ್ತವರು, ಗಾಯಾಳುಗಳು, ಕಾಣೆಯಾದವರು ಸುಮಾರು 23,000. ಅಮೆರಿಕದ ಇತಿಹಾಸದಲ್ಲಿ ಒಂದು ದಿನದ ಕದನದಲ್ಲಿ ಅಷ್ಟು ರಕ್ತ ಹರಿದದ್ದು ಇನ್ನೊಂದಿಲ್ಲ. ಲೀ ಅವರ ಬಳಿ 40,000ಕ್ಕಿಂತ ಕಡಿಮೆ ಜನರಿದ್ದರು. ಮೆಕ್ಲೆಲನ್ ಬಳಿ ಅದರ ಸರಿಸುಮಾರು ಎರಡರಷ್ಟಿದ್ದರೂ ಅವರು ಸೈನ್ಯದ ದೊಡ್ಡ ಭಾಗವನ್ನು ಕಣಕ್ಕೇ ಇಳಿಸಲಿಲ್ಲ. 18ರ ರಾತ್ರಿ ಲೀ ನದಿ ದಾಟಿ ಹಿಂದಿರುಗಿದರು.

ಯುದ್ಧಶಾಸ್ತ್ರದ ಕಣ್ಣಿಗೆ ಇದು ಸರಿಸಮ. ರಾಜಕೀಯದ ಕಣ್ಣಿಗೆ, ದಾಳಿಗೆ ಬಂದವರು ಮರಳಿಹೋದರು ಎಂಬಷ್ಟೇ ಸಾಕಾಯಿತು. ಐದು ದಿನಗಳ ಬಳಿಕ, ಸೆಪ್ಟೆಂಬರ್ 22ರಂದು, ಲಿಂಕನ್ ಪ್ರಾಥಮಿಕ ಘೋಷಣೆಯನ್ನು ಹೊರಡಿಸಿದರು. 1863ರ ಜನವರಿ 1ರಿಂದ ಅದು ಜಾರಿಗೆ ಬಂತು. ಲಂಡನ್ನಿನಲ್ಲಿ ಪ್ರಧಾನಿ ಪಾಮರ್‌ಸ್ಟನ್ ಮತ್ತು ವಿದೇಶಾಂಗ ಸಚಿವ ರಸೆಲ್ ಮಧ್ಯಸ್ಥಿಕೆ ವಹಿಸುವ, ಅದು ಫಲಿಸದಿದ್ದರೆ ದಕ್ಷಿಣವನ್ನು ಸ್ವತಂತ್ರ ದೇಶವೆಂದು ಮಾನ್ಯ ಮಾಡುವ ಮಾತನ್ನು ಅದೇ ಸೆಪ್ಟೆಂಬರಿನಲ್ಲಿ ಆಡುತ್ತಿದ್ದರು. ಆಂಟಿಟಮ್ ಸುದ್ದಿ ತಲುಪಿದ ಮೇಲೆ ಪಾಮರ್‌ಸ್ಟನ್ ಹಿಂಜರಿದರು. ಜಂಟಿ ಮಧ್ಯಸ್ಥಿಕೆಯ ಫ್ರಾನ್ಸಿನ ಪ್ರಸ್ತಾಪವನ್ನು ನವೆಂಬರಿನಲ್ಲಿ ಬ್ರಿಟಿಷ್ ಸಂಪುಟ ತಳ್ಳಿಹಾಕಿತು. ಯುದ್ಧ ಗುಲಾಮಗಿರಿಯ ವಿರುದ್ಧ ಎಂದಾದ ಬಳಿಕ, ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಆಗಲೇ ಕಾನೂನಿನಿಂದ ತೆಗೆದುಹಾಕಿದ್ದ ಬ್ರಿಟನ್ನಿಗೆ ದಕ್ಷಿಣದ ಕೈಹಿಡಿಯುವುದು ಕಷ್ಟವಾಯಿತು.

ಇನ್ನು ಬರಿಯ ಕಾಗದವೇ ಎಂಬ ಮಾತು. ಒಕ್ಕೂಟದಲ್ಲೇ ಉಳಿದಿದ್ದ ನಾಲ್ಕು ಗುಲಾಮಿ ರಾಜ್ಯಗಳನ್ನೂ, ಆಗಲೇ ವಶವಾಗಿದ್ದ ಕೆಲವು ಪ್ರದೇಶಗಳನ್ನೂ ಘೋಷಣೆಯಿಂದ ಹೊರಗಿಟ್ಟದ್ದು ನಿಜ. ಸೇನೆಯ ಮಹಾದಂಡನಾಯಕನೆಂಬ ನೆಲೆಯಲ್ಲಿ, ಬಂಡೆದ್ದ ಪ್ರದೇಶದ ಮೇಲೆ ಯುದ್ಧಕ್ರಮವಾಗಿ ಮಾತ್ರ ಅಧ್ಯಕ್ಷರಿಗೆ ಆ ಅಧಿಕಾರವಿತ್ತು. ಉಳಿದ ಕಡೆಗಳಲ್ಲಿ ಅದು ನ್ಯಾಯಾಲಯದಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಉತ್ತರದ ಸೈನ್ಯ ಮುಂದೆ ಸಾಗಿದಷ್ಟು ದೂರ ಆ ಕಾಗದ ಕಾನೂನಾಗುತ್ತ ಹೋಯಿತು. ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲು ಅದೇ ಘೋಷಣೆ ಅವಕಾಶ ಕೊಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಅವರ ಸಂಖ್ಯೆ ಸುಮಾರು 1,80,000ಕ್ಕೆ ಏರಿತ್ತು. ಇಡೀ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೆಯ ತಿದ್ದುಪಡಿಯಿಂದ. ನನ್ನನ್ನು ಕೇಳಿದರೆ, ಯುದ್ಧದ ಅರ್ಥವನ್ನೇ ಬದಲಿಸಿದ ಕದನ ಆಂಟಿಟಮ್.

ಪ್ರಶ್ನೆ: ಆ ಯುದ್ಧದಿಂದ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತೆಂದು ಹಿರಿಯರು ಹೇಳುತ್ತಿದ್ದರು. ಎಲ್ಲಿಯ ಕದನ, ಎಲ್ಲಿಯ ಹತ್ತಿ?
(ಅಡತಿ ವ್ಯಾಪಾರದಿಂದ ನಿವೃತ್ತರಾದವರು, ಬಾಗಲಕೋಟೆ)

ಉತ್ತರ: ಹಿರಿಯರ ಮಾತು ನಿಜ, ಆದರೆ ಆ ಬೆಲೆ ತಂದದ್ದು ನೆಲದ ಕದನಗಳಿಗಿಂತ ಹೆಚ್ಚಾಗಿ ಸಮುದ್ರದ ದಿಗ್ಬಂಧನ. ಯುದ್ಧಕ್ಕೆ ಮೊದಲು ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕ ಸಂಯುಕ್ತ ಸಂಸ್ಥಾನದ ಇದೇ ದಕ್ಷಿಣ ರಾಜ್ಯಗಳಿಂದ ಬರುತ್ತಿತ್ತು. 1861ರ ಏಪ್ರಿಲಿನಲ್ಲೇ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಸಾರಿದರು. ದಕ್ಷಿಣದವರೂ ಮೊದಲ ವರ್ಷ ತಾವಾಗಿಯೇ ಹತ್ತಿಯನ್ನು ತಡೆಹಿಡಿದರು, ಹತ್ತಿಯಿಲ್ಲದೆ ಬ್ರಿಟನ್ ತಾನಾಗಿ ಓಡಿಬಂದೀತೆಂದು. ಲೆಕ್ಕ ತಪ್ಪಿತು: ಹಿಂದಿನ ವರ್ಷಗಳ ಭರ್ಜರಿ ಬೆಳೆಯಿಂದ ಬ್ರಿಟನ್ನಿನ ಗೋದಾಮುಗಳು ಆಗ ತುಂಬಿದ್ದವು. ಅವು ಬರಿದಾಗಿ ಬ್ರಿಟನ್ನಿನ ಗಿರಣಿ ಸೀಮೆಯಾದ ಲ್ಯಾಂಕಶೈರಿನ ಕೂಲಿಕಾರರು ಉಪವಾಸ ಬೀಳುವಷ್ಟರಲ್ಲಿ, ದಕ್ಷಿಣದ ಅತಿ ದೊಡ್ಡ ಹತ್ತಿ ಬಂದರಾದ ನ್ಯೂ ಆರ್ಲಿಯನ್ಸ್ ಉತ್ತರದ ಕೈಸೇರಿತ್ತು, ಗಿರಣಿ ಮಾಲೀಕರ ಕಣ್ಣು ಮುಂಬೈ ಕಡೆ ತಿರುಗಿತ್ತು.

ನಮ್ಮ ಭಾಗದ ಎರೆಹೊಲಗಳಲ್ಲಿ ಜವಾರಿ ಹತ್ತಿ ಮೊದಲಿನಿಂದಲೂ ಇತ್ತು, ಕುಮಟಾ ಬಂದರಿನಿಂದ ಹೊರಹೋಗುತ್ತಿದ್ದರಿಂದ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎನ್ನುತ್ತಿದ್ದರು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದ ನ್ಯೂ ಆರ್ಲಿಯನ್ಸ್ ಬೀಜದ ವಿಲಾಯತಿ ಹತ್ತಿಯೂ ಬೆಳೆಯುತ್ತಿತ್ತು. ಹತ್ತಿ ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂಬ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ವರ್ಗಾಯಿಸಿದರು. ಬೆಲೆ ಏರಿದಂತೆ ಅರಳೆಗೆ ಬೀಜ, ಕಸ, ನೀರು ಬೆರೆಸುವ ಚಾಳಿಯೂ ಏರಿತು, 1863ರಲ್ಲಿ ಮುಂಬೈ ಸರ್ಕಾರ ಅದಕ್ಕೆಂದೇ ಒಂದು ಕಾಯ್ದೆ ತಂದಿತು. (ಈ ಚಾಳಿಯ ಬಗ್ಗೆ ತಮಗೆ ನಾನು ವಿವರಿಸಬೇಕಾಗಿಲ್ಲ.) ನೂಲಿನ ಬೆಲೆಯೂ ಜೊತೆಗೇ ಏರಿದ್ದರಿಂದ ಕೈಮಗ್ಗದ ನೇಕಾರರಿಗೆ ಇದು ಸುಗ್ಗಿಯ ಕಾಲವಾಗಿರಲಿಲ್ಲ. ರೈತರ ಲಾಭದಲ್ಲಿಯೂ ದೊಡ್ಡ ಪಾಲು ಸಾಲ ಕೊಟ್ಟ ಸಾವುಕಾರರಿಗೆ ಹೋಯಿತು. 1865ರ ವಸಂತದಲ್ಲಿ ಲೀ ಶರಣಾದ ಸುದ್ದಿ ಬಂದದ್ದೇ ಹತ್ತಿಯ ಬೆಲೆ ಕುಸಿಯಿತು, ಮುಂಬೈಯಲ್ಲಿ ಷೇರುಗಳ ಮೇಲೆ ಹಣ ಸುರಿದಿದ್ದ ಕಂಪನಿಗಳು, ಬ್ಯಾಂಕುಗಳು ಸಾಲುಸಾಲಾಗಿ ಮುಳುಗಿದವು.

ಪ್ರಶ್ನೆ: ಯುದ್ಧದ ನಡುವೆಯೇ ಚುನಾವಣೆ ನಡೆಯಿತಂತೆ. ಒಂದು ಕದನ ಚುನಾವಣೆಯನ್ನು ಗೆಲ್ಲಿಸಿತೆಂಬುದು ಎಷ್ಟು ಸರಿ?
(ಓದುಗರೊಬ್ಬರು, ಜಮಖಂಡಿ)

ಉತ್ತರ: ಬಹುಮಟ್ಟಿಗೆ ಸರಿ. 1864ರ ಬೇಸಿಗೆಯಲ್ಲಿ ಉತ್ತರದ ಜನ ಬೇಸತ್ತಿದ್ದರು. ಮೇ ತಿಂಗಳಿನಿಂದ ವರ್ಜೀನಿಯಾದಲ್ಲಿ ಗ್ರಾಂಟ್ ನಡೆಸಿದ ಕದನಗಳ ಗಾಯಾಳುಗಳಿಂದ ವಾಷಿಂಗ್ಟನ್ನಿನ ಆಸ್ಪತ್ರೆಗಳು ತುಂಬಿದ್ದವು, ರಿಚ್ಮಂಡ್ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಆಗಸ್ಟ್ 23ರಂದು ಲಿಂಕನ್, ತಾವು ಮರು ಆಯ್ಕೆಯಾಗುವ ಸಂಭವ ತೀರಾ ಕಡಿಮೆಯೆಂದೂ, ಸೋತರೆ ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬರುವುದರೊಳಗೆ ಅವರೊಡನೆ ಸಹಕರಿಸಿ ಒಕ್ಕೂಟವನ್ನು ಉಳಿಸಬೇಕೆಂದೂ ಒಂದು ಚೀಟಿ ಬರೆದು, ಮಡಿಚಿ ಮುಚ್ಚಿ, ಒಳಗೇನಿದೆಯೆಂದು ತೋರಿಸದೆ ಸಚಿವರಿಂದ ಬೆನ್ನಿಗೆ ಸಹಿ ಹಾಕಿಸಿಕೊಂಡರು. ವಿರೋಧಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಂಟಿಟಮ್‌ನ ಅದೇ ಮೆಕ್ಲೆಲನ್. ಆ ಪಕ್ಷದ ಪ್ರಣಾಳಿಕೆ ಯುದ್ಧ ವಿಫಲವಾಯಿತೆಂದೂ ಸಂಧಿ ಬೇಕೆಂದೂ ಸಾರಿತು. ಅಷ್ಟರಲ್ಲಿ ಉತ್ತರದ ಸೇನಾನಿ ವಿಲಿಯಂ ಶೆರ್ಮನ್ ದಕ್ಷಿಣದ ಅಟ್ಲಾಂಟಾ ನಗರದ ಕೊನೆಯ ರೈಲುಮಾರ್ಗವನ್ನು ಕತ್ತರಿಸಿದರು; ಸೆಪ್ಟೆಂಬರ್ 1ರ ರಾತ್ರಿ ದಕ್ಷಿಣದ ಪಡೆ ತನ್ನ ಮದ್ದುಗುಂಡಿನ ರೈಲನ್ನೇ ಸಿಡಿಸಿ ಊರು ಬಿಟ್ಟಿತು, 2ರಂದು ಉತ್ತರದ ಸೈನ್ಯ ಒಳಹೊಕ್ಕಿತು. ನವೆಂಬರ್ 8ರ ಚುನಾವಣೆಯಲ್ಲಿ ಲಿಂಕನ್ ಅವರಿಗೆ 212, ಮೆಕ್ಲೆಲನ್ ಅವರಿಗೆ 21 ಚುನಾಯಕ ಮತಗಳು (ಅಧ್ಯಕ್ಷರನ್ನು ಆರಿಸುವ ರಾಜ್ಯಗಳ ಪ್ರತಿನಿಧಿಗಳ ಮತ) ಬಂದವು. ಸೈನಿಕರ ಮತಗಳಲ್ಲಂತೂ ಮುಕ್ಕಾಲು ಪಾಲಿಗೂ ಹೆಚ್ಚು ಲಿಂಕನ್ ಕಡೆಗಿದ್ದವು, ಯುದ್ಧ ಮುಂದುವರಿದರೆ ಸಾಯಬೇಕಾದವರು ಅವರೇ ಆಗಿದ್ದರೂ.

ಪ್ರಶ್ನೆ: ಲೀ ಮೇಲೋ, ಗ್ರಾಂಟ್ ಮೇಲೋ? ಯುದ್ಧ ಮುಗಿದದ್ದು ಸರಿಯಾಗಿ ಯಾವ ದಿನ?
(ಮಾಜಿ ಸೈನಿಕರು, ಗೋಕಾಕ)

ಉತ್ತರ: ಒಂದು ದಿನದ ಕದನಕ್ಕೆ ಲೀ, ಒಂದು ವರ್ಷದ ದಂಡಯಾತ್ರೆಗೆ ಗ್ರಾಂಟ್. 1864ರ ಮೇ ತಿಂಗಳಲ್ಲಿ ವರ್ಜೀನಿಯಾದ ದಟ್ಟ ಕುರುಚಲು ಕಾಡಿನಲ್ಲಿ ಎರಡು ದಿನ ಕಾದು ಹದಿನೇಳು ಸಾವಿರದಷ್ಟು ಜನರನ್ನು ಕಳೆದುಕೊಂಡ ಗ್ರಾಂಟ್, ಅವರಿಗಿಂತ ಮೊದಲಿನ ಸೇನಾನಿಗಳು ಅಂಥ ಪೆಟ್ಟಿನ ಬಳಿಕ ಉತ್ತರಕ್ಕೆ ಮರಳುತ್ತಿದ್ದ ಕವಲುದಾರಿಯಲ್ಲಿ ಸೈನ್ಯವನ್ನು ದಕ್ಷಿಣಕ್ಕೆ ತಿರುಗಿಸಿದರು. ಸೈನಿಕರು ಕತ್ತಲಲ್ಲಿ ಹರ್ಷೋದ್ಗಾರ ಮಾಡಿದರೆಂದು ದಾಖಲಾಗಿದೆ. ಅಲ್ಲಿಂದ ರಿಚ್ಮಂಡಿಗೆ ಸರಬರಾಜು ಹೋಗುತ್ತಿದ್ದ ಪೀಟರ್ಸ್‌ಬರ್ಗಿನ ರೈಲುಹಳಿಗಳ ಮೇಲೆ ಒಂಬತ್ತು ತಿಂಗಳ ಮುತ್ತಿಗೆ, 1865ರ ಏಪ್ರಿಲ್ 2ರಂದು ಅಲ್ಲಿನ ರಕ್ಷಣಾಸಾಲು ಮುರಿದು ರಿಚ್ಮಂಡ್ ತೆರವು, 9ರಂದು ಅಪ್ಪೊಮ್ಯಾಟಕ್ಸಿನಲ್ಲಿ ಲೀ ಶರಣು. ಸ್ವಂತ ಕುದುರೆ, ಹೇಸರಗತ್ತೆಗಳಿದ್ದ ಸೈನಿಕರು ಬಿತ್ತನೆಗಾಗಿ ಅವನ್ನು ಮನೆಗೆ ಒಯ್ಯಲು ಗ್ರಾಂಟ್ ಒಪ್ಪಿದರು, ಹಸಿದಿದ್ದ ಎದುರಾಳಿ ಸೈನ್ಯಕ್ಕೆ 25,000 ಜನರ ಪಡಿತರ ಕಳಿಸಿಕೊಟ್ಟರು.

ಅಂದು ಶರಣಾದದ್ದು ಲೀ ಅವರ ಸೈನ್ಯ ಮಾತ್ರ, ಸುಮಾರು 28,000 ಮಂದಿ. ಅದಕ್ಕಿಂತ ಬಹಳ ದೊಡ್ಡ ಸಂಖ್ಯೆಯ ಪಡೆಗಳು ದಕ್ಷಿಣದ ಇನ್ನೊಬ್ಬ ಸೇನಾನಿ ಜೋಸೆಫ್ ಜಾನ್ಸ್ಟನ್ ಅವರೊಡನೆ ಏಪ್ರಿಲ್ 26ರಂದು ಉತ್ತರ ಕೆರೊಲಿನಾದಲ್ಲಿ ಶರಣಾದವು. ಅಷ್ಟರಲ್ಲಿ ಲಿಂಕನ್ ಗುಂಡೇಟಿಗೆ ಬಲಿಯಾಗಿ ಹನ್ನೊಂದು ದಿನಗಳಾಗಿದ್ದವು. ವಿಕ್ಸ್‌ಬರ್ಗ್ ಬಿದ್ದಂದಿನಿಂದ ಬೇರ್ಪಟ್ಟಿದ್ದ ನದಿಯಾಚೆಯ ಸೈನ್ಯದ ಶರಣಾಗತಿಗೆ ಜೂನ್ 2ರಂದು ಸಹಿ ಬಿತ್ತು, ಟೆಕ್ಸಸ್‌ನ ಗ್ಯಾಲ್ವೆಸ್ಟನ್ನಿನಲ್ಲಿ ಗುಲಾಮರೆಲ್ಲ ಸ್ವತಂತ್ರರೆಂಬ ಸೇನಾ ಆಜ್ಞೆಯನ್ನು ಹೊರಡಿಸಿದ್ದು ಜೂನ್ 19ರಂದು. ಹಾಗಿದ್ದರೂ ಒಂದೇ ದಿನಾಂಕ ಬರೆಯಬೇಕಾದಲ್ಲಿ ಏಪ್ರಿಲ್ 9 ಎಂದು ಬರೆಯುವುದು ವಾಡಿಕೆ.